ಪೆನ್ ಡ್ರೈವಿನ ಬುತ್ತಿ

ಹೋದ ತಿಂಗಳು ಗೆಳತಿಯ ಮಗಳ ಸೀಮಂತಕ್ಕೆಂದು ಸಂಡೂರಿನ ಕಡೆ ಹೋಗಿದ್ದೆ. ಯಶವಂತನಗರ ದಾಟಿದ ಮೇಲೆ ಸಿಗುವ ಊರು. ಹೆಸರು ಹೇಳುವುದಿಲ್ಲ, ಹೇಳಿದರೆ ಇನ್ನೊಂದು ನೋಟಿಸ್ ಬಂದೀತು. ಆ ಊರಿನ ಗ್ರಂಥಾಲಯದಲ್ಲಿ ಕೆಲವು ವರ್ಷ ನಾನು ಮೇಲ್ವಿಚಾರಕಿಯಾಗಿದ್ದೆ. ಊಟ ಮುಗಿದಿತ್ತು, ಬಸ್ಸಿಗೆ ಇನ್ನೂ ಹೊತ್ತಿತ್ತು. ಮಳೆ ಆಗಷ್ಟೇ ನಿಂತಿತ್ತು. ಅದಿರಿನ ಮಣ್ಣು ನೆನೆದರೆ ಒಂದು ವಾಸನೆ ಬರುತ್ತದೆ, ತುಕ್ಕು ಹಿಡಿದ ರೊಟ್ಟಿ ಹಂಚನ್ನು ತೊಳೆದಾಗ ಬರುವಂಥದ್ದು. ಆ ವಾಸನೆಯ ಹಿಂದೆಯೇ ಕಾಲುಗಳು ಗ್ರಂಥಾಲಯದ ಕಡೆ ನಡೆದವು.

ಬಾಗಿಲ ಹತ್ತಿರ ಬಂದಾಗ ಒಳಗಿನಿಂದ ಒಂದು ಧ್ವನಿ ಕೇಳಿಸಿತು. ಮೂಗಿನಿಂದ ಮಾತಾಡುವ, ಎಲ್ಲ ಅಕ್ಷರಕ್ಕೂ ಒಂದೇ ತೂಕ ಕೊಡುವ ಯಂತ್ರದ ಕನ್ನಡ. ಪರದೆಯ ಮೇಲಿರುವುದನ್ನು ಕಂಪ್ಯೂಟರ್ ತಾನೇ ಗಟ್ಟಿಯಾಗಿ ಓದುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಸಂತೋಷಪಡುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು.

ಯಾಕೆ ಉರಿಯಿತು ಎಂದು ಹೇಳಬೇಕಾದರೆ ಆ ಒಂದು ಮಳೆಗಾಲದ ಕಥೆ ಹೇಳಬೇಕು.

ಆ ವರ್ಷ ಮಳೆ ಬೇಗ ಹಿಡಿಯಿತು. ಅದಕ್ಕೂ ಮೊದಲೇ ಅದಿರಿನ ಲಾರಿಗಳಿಗೆಂದು ರಸ್ತೆ ಅಗಲ ಮಾಡಲು ಅಗೆದವರು ಗ್ರಂಥಾಲಯಕ್ಕೆ ಬರುತ್ತಿದ್ದ ಇಂಟರ್ನೆಟ್ಟಿನ ಕೇಬಲ್ಲನ್ನೂ ಅಗೆದು ಹಾಕಿದ್ದರು. ಕೇಬಲ್ಲಿನ ತುದಿ ಚರಂಡಿಯಲ್ಲಿ ಕೆಂಪು ನೀರು ಕುಡಿಯುತ್ತ ಬಿದ್ದಿತ್ತು. ಮೊಬೈಲ್ ಸಿಗ್ನಲ್ಲೋ, ಗುಡ್ಡದ ಮರೆಗೆ ಬರೀ ಮಾತಿಗಷ್ಟೇ ಸಾಲುತ್ತಿತ್ತು. ನಾನು ದೂರು ಬರೆದೆ, ಮತ್ತೆ ಬರೆದೆ. ಮೇಲಿನ ಕಚೇರಿಯವರ ವರದಿಯಲ್ಲಿ ಮಾತ್ರ ನಮ್ಮ ಗ್ರಂಥಾಲಯಕ್ಕೆ ಇಂಟರ್ನೆಟ್ ಇತ್ತು. ವರದಿಯಲ್ಲಿ ಇರುವುದನ್ನು ರಿಪೇರಿ ಮಾಡಲು ಯಾರು ಬರುತ್ತಾರೆ?

ಗ್ರಂಥಾಲಯದಲ್ಲಿ ನಾಲ್ಕು ಕಂಪ್ಯೂಟರುಗಳಿದ್ದವು, ಎಲ್ಲ ಒಂದೇ ಸಲ ಬಂದವು, ಎಲ್ಲದರಲ್ಲೂ ಲಿನಕ್ಸ್, ಕಂಪ್ಯೂಟರನ್ನು ನಡೆಸುವ ಪುಕ್ಕಟೆ ತಂತ್ರಾಂಶ. ಊರಿನ ಮಕ್ಕಳು ಅವುಗಳಲ್ಲಿ ಚಿತ್ರ ಬಿಡಿಸುತ್ತಿದ್ದರು. ಹುಲಿಗೆಮ್ಮ ಬಂದದ್ದು ಆಗ.

ಹುಲಿಗೆಮ್ಮನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಬಿ.ಎ. ಮಾಡಿದ್ದಾಳೆ, ಅದೂ ತಂಗಿಯಿಂದ ಓದಿಸಿಕೊಂಡು, ಬೇರೆಯವರಿಂದ ಪರೀಕ್ಷೆ ಬರೆಸಿ. ಅಪ್ಪ ಗಣಿಯಲ್ಲಿ ಕೆಲಸಕ್ಕಿದ್ದು ಎದೆಗೆ ಧೂಳು ಹಿಡಿಸಿಕೊಂಡು ಮನೆಯಲ್ಲಿ ಕೂತಿದ್ದರು. ಅವ್ವ ಕೂಲಿಗೆ ಹೋಗುತ್ತಿದ್ದರು. ಅವತ್ತು ತಂಗಿಯ ಹೆಗಲು ಹಿಡಿದು ಒಳಗೆ ಬಂದವಳು ಕೊಡೆ ಮಡಚುವ ಮೊದಲೇ ಕೇಳಿದಳು.

"ಅಕ್ಕಾ, ಕಣ್ಣಿಲ್ಲದಾವ್ರಿಗೆ ಓದಿ ಹೇಳೋ ಕಂಪ್ಯೂಟ್ರು ಇರ್ತಾವಂತಲ್ರಿ. ನಿಮ್ಮಲ್ಲಿ ಅದಾವೇನ್ರಿ?"

ಕಾರಣ ಇತ್ತು. ಸಂಡೂರಿನಲ್ಲಿ ಗಣಿ ಕಂಪನಿಯೊಂದು ದೂರು ಕೇಳುವ ಕಚೇರಿ ತೆರೆದಿತ್ತು. ಸುತ್ತಲಿನ ಹಳ್ಳಿಯವರು ಧೂಳು, ಲಾರಿ, ಬಿರುಕು ಬಿಟ್ಟ ಗೋಡೆ ಅಂತ ಫೋನ್ ಮಾಡುತ್ತಾರೆ. ಅದನ್ನು ಕೇಳಿ ಕಂಪ್ಯೂಟರಿನಲ್ಲಿ ಕನ್ನಡದಲ್ಲಿ ಬರೆದಿಡಲು ಒಬ್ಬರು ಬೇಕಾಗಿದ್ದರು. ಶ್ರಾವಣ ಮುಗಿಯುವ ಹೊತ್ತಿಗೆ ಪರೀಕ್ಷೆ. ಹುಲಿಗೆಮ್ಮ ಆಗಲೇ ಆ ಕಚೇರಿಗೆ ಫೋನ್ ಮಾಡಿ ತನ್ನ ಸ್ಥಿತಿ ಹೇಳಿದ್ದಳು. "ಬರ್ರಿ, ಏನರ ವ್ಯವಸ್ಥಾ ಮಾಡೋಣು" ಅಂದಿದ್ದರಂತೆ. ಅಲ್ಲಿರುವ ಕಂಪ್ಯೂಟರ್ ಎಂಥದ್ದೆಂದು ಕೂಡ ಕೇಳಿಕೊಂಡಿದ್ದಳು. ಅದೂ ಲಿನಕ್ಸ್. ಧ್ವನಿ ಕೇಳಿಯೇ ಇವರು ಯಾರ ಮನೆಯವರು, ಯಾವ ಓಣಿಯವರು ಎಂದು ಹೇಳುವ ಹುಡುಗಿ ಅವಳು. ಆ ಕೆಲಸಕ್ಕೆ ಅವಳಿಗಿಂತ ತಕ್ಕವರು ಆ ಸೀಮೆಯಲ್ಲಿ ಇರಲಿಲ್ಲ. ಬೇಕಾದದ್ದು ಇಷ್ಟೇ, ಕಂಪ್ಯೂಟರ್ ಅವಳ ಜೊತೆ ಮಾತಾಡಬೇಕಿತ್ತು.

ಲಿನಕ್ಸಿನಲ್ಲಿ ಅದು ಪುಕ್ಕಟೆ ಸಿಗುತ್ತದೆ. ಆದರೆ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಕಂಪ್ಯೂಟರುಗಳ ನಿರ್ವಹಣೆಯ ಗುತ್ತಿಗೆ ಹಿಡಿದಿದ್ದ ಕಂಪನಿಯ ಇಂಜಿನಿಯರ್ ಮಂಜುನಾಥನಿಗೆ ಫೋನ್ ಮಾಡಿದೆ.

"ಮೇಡಂ, ನೆಟ್ ಇದ್ರ ಒಂದ ನಿಮಿಷದ ಕೆಲ್ಸ" ಎಂದ.

"ನೆಟ್ ಇಲ್ಲಲ್ಲಪ್ಪ."

"ಹಂಗಾರ ಆಗಂಗಿಲ್ರಿ" ಎಂದು ಇಟ್ಟುಬಿಟ್ಟ.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ತವರಿನಲ್ಲೂ ಅದೇ ಮಾತು, ಗಂಡನ ಮನೆಯಲ್ಲೂ ಅದೇ ಮಾತು. ಆದರೆ ಸಿಟ್ಟು ನನ್ನನ್ನು ಸುಮ್ಮನೆ ಕೂರಿಸುವುದಿಲ್ಲ, ಅದೊಂದು ಪುಣ್ಯ. ನನ್ನ ಹತ್ತಿರ ಹಳೆಯ ಲ್ಯಾಪ್‌ಟಾಪ್ ಒಂದಿತ್ತು, ಅದರಲ್ಲೂ ಲಿನಕ್ಸೇ. ಲಿನಕ್ಸಿನಲ್ಲಿ ಒಂದು ಅನುಕೂಲವಿದೆ. ಯಾವ ತಂತ್ರಾಂಶ ಹಾಕಿದರೂ ಅದರ ಕಟ್ಟುಗಳು, ಪ್ಯಾಕೇಜು ಅನ್ನುತ್ತಾರೆ, ಇಳಿದು ಬಂದು ಕಂಪ್ಯೂಟರಿನ ಒಂದು ಮೂಲೆಯಲ್ಲಿ ಉಳಿದುಕೊಂಡಿರುತ್ತವೆ. ಅವನ್ನು ಪೆನ್ ಡ್ರೈವಿಗೆ ತುಂಬಿಕೊಂಡು ಹೋಗಿ ಇನ್ನೊಂದು ಕಂಪ್ಯೂಟರಿಗೆ ಹಾಕಬಹುದು, ಅದಕ್ಕೆ ಇಂಟರ್ನೆಟ್ಟೇ ಬೇಡ. ಒಂದು ಮನೆಯಲ್ಲಿ ಅಡಿಗೆ ಮಾಡಿ ಇನ್ನೊಂದು ಕಡೆ ಉಣ್ಣುವುದು.

ಭಾನುವಾರ ಹೊಸಪೇಟೆಗೆ ಹೋದೆ. ಬಸ್ ಸ್ಟ್ಯಾಂಡಿನ ಹಿಂದೆ ಖಾದರ್ ಸಾಬರ ಜೆರಾಕ್ಸ್ ಅಂಗಡಿ, ಅಲ್ಲಿ ನೆಟ್ ಇತ್ತು. ಲ್ಯಾಪ್‌ಟಾಪಿಗೆ ಓದುವ ತಂತ್ರಾಂಶ ಇಳಿಸಿ ಹಾಕಿಕೊಂಡೆ. ಹಾಕಿದ್ದೇ ಮಾತಾಡಿತು. ಪ್ಯಾಕೇಜುಗಳನ್ನೆಲ್ಲ ಪೆನ್ ಡ್ರೈವಿಗೆ ತುಂಬಿ, ಗೆದ್ದೆ ಅಂದುಕೊಂಡು ಮರುದಿನ ಗ್ರಂಥಾಲಯದ ಕಂಪ್ಯೂಟರಿಗೆ ಹಾಕಿದರೆ, ಅದು ಇನ್ಯಾವುದೋ ಪ್ಯಾಕೇಜು ಇಲ್ಲ ಎಂದು ನಿಂತಿತು. ಮತ್ತೆ ಹೊಸಪೇಟೆ. ಅದು ಕೇಳಿದ್ದನ್ನು ತಂದುಕೊಟ್ಟರೆ, ತಂದುಕೊಟ್ಟದ್ದು ಮತ್ತೊಂದನ್ನು ಕೇಳಿತು. ಮಳೆಯಲ್ಲಿ ನೆನೆದು, ಲಾರಿಗಳ ಹಿಂದೆ ಬಸ್ಸಿನಲ್ಲಿ ಕೂತು ಕೂತು, ಕೊನೆಗೆ ನಾನು ಆ ಕಂಪ್ಯೂಟರಿಗೆ ಬಾಯಿಗೆ ಬಂದಂತೆ ಬೈದೆ. ಬೈಗುಳ ಪೂರ್ತಿ ಕೇಳಿ ಹುಲಿಗೆಮ್ಮ ನಕ್ಕಳು.

"ಅಕ್ಕಾ, ಅದು ಕೇಳಾಕತ್ತಿದ್ದು ನಿಮ್ಮ ಲ್ಯಾಪ್‌ಟಾಪಿನಾಗ ಮೊದ್ಲ ಇತ್ತೇನ್ರಿ?"

ನೋಡಿದೆ. ಇತ್ತು. ವರ್ಷಗಟ್ಟಲೆ ಅದರಲ್ಲಿ ಏನೇನೋ ಹಾಕಿಕೊಂಡಿದ್ದೆ.

"ಮತ್ತ, ತನಗ ಇದ್ದದ್ದನ್ನ ಅದು ಯಾಕ ಇಳಿಸ್ಕಂತೈತಿ? ತನಗ ಇಲ್ಲದ್ದಷ್ಟ ಇಳಿಸ್ಕಂಡೈತಿ, ಅದನ್ನ ನೀವು ನಮಗ ತಂದೀರಿ. ಉಪ್ಪು ಮನ್ಯಾಗ ಐತಲ್ಲ ಅಂತ ಬುತ್ತ್ಯಾಗ ಉಪ್ಪು ಕಟ್ಟದ ಕಳಿಸಿದ್ರ ಹೊಲದಾಗ ಉಪ್ಪು ಎಲ್ಲಿಂದ ಬರಬೇಕ್ರಿ?"

ಆ ಮಾತನ್ನು ಅವಳು ಕಂಪ್ಯೂಟರಿನ ಬಗ್ಗೆಯೇ ಹೇಳಿದ್ದು. ಆದರೆ ಆಮೇಲೆ ನಾನು ಎಷ್ಟೋ ಕಚೇರಿಗಳಲ್ಲಿ, ಎಷ್ಟೋ ಸಾಹೇಬರ ಮುಂದೆ ನಿಂತಾಗ ಅದೇ ನೆನಪಾಗಿದೆ. ಇದ್ದವರು ತಮಗೆ ಇಲ್ಲದ್ದನ್ನು ಮಾತ್ರ ಲೆಕ್ಕ ಹಿಡಿಯುತ್ತಾರೆ. ತಮಗೆ ಇರುವುದು ಲೋಕಕ್ಕೆಲ್ಲ ಇದೆ ಅಂದುಕೊಳ್ಳುತ್ತಾರೆ.

"ಹಂಗಾರ ಏನ್ ಮಾಡಾದು?" ಎಂದೆ.

"ಬುತ್ತಿ ಹೊರಾದು ಬಿಡ್ರಿ. ಹಸದಾವ್ರನ್ನ ಊಟದ ಮನಿಗೆ ಕರ್ಕಂಡು ಹೋಗ್ರಿ."

ಅಂದರೆ ಗ್ರಂಥಾಲಯದ ಕಂಪ್ಯೂಟರನ್ನೇ ಹೊಸಪೇಟೆಗೆ ಒಯ್ಯುವುದು. ಅಲ್ಲಿ ನೆಟ್ ಕೊಟ್ಟರೆ ತನಗೆ ಏನೇನು ಇಲ್ಲವೋ ಎಲ್ಲವನ್ನೂ ಅದೇ ಇಳಿಸಿಕೊಳ್ಳುತ್ತದೆ. ಉಳಿದ ಮೂರೂ ಇದರ ಒಡಹುಟ್ಟಿದವು, ಇದಕ್ಕೆ ಇಲ್ಲದ್ದೇ ಅವಕ್ಕೂ ಇಲ್ಲ. ಆ ಕಟ್ಟು ಎಲ್ಲದಕ್ಕೂ ಸರಿಹೋಗುತ್ತದೆ.

ಸರ್ಕಾರಿ ಸಾಮಾನು ಹೊರಗೆ ಒಯ್ಯಬಾರದು ಎನ್ನುವುದು ನನಗೆ ಗೊತ್ತಿತ್ತು. ಒಯ್ದೆ. ತಪ್ಪು ಮಾಡಿದೆ ಎಂದು ಇವತ್ತಿಗೂ ಅನಿಸಿಲ್ಲ.

ಸಿಪಿಯು ಡಬ್ಬಿಗೆ ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ಗೋಣಿಚೀಲ ಹಾಕಿ ಕಟ್ಟಿದೆವು. ಬಸ್ಸಿನಲ್ಲಿ ಹುಲಿಗೆಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದು ಕೂತಳು. ಕಿಟಕಿಯ ಗಾಜು ಅರ್ಧಕ್ಕೇ ನಿಂತಿತ್ತು, ಎರಚಲು ಒಳಗೆ ಬರುತ್ತಿತ್ತು. ಪಕ್ಕದ ಸೀಟಿನ ಮುದುಕಿ ನೋಡಿ ನೋಡಿ ತಡೆಯಲಾರದೆ ಕೇಳಿದಳು.

"ಏನವ್ವಾ ಅದು, ಕೋಳಿ ಏನ?"

"ಅಲ್ಲಬೇ, ಕಂಪ್ಯೂಟ್ರು."

"ಏನಾಗೈತಿ ಅದಕ?"

"ಮಾತು ಬರವಲ್ದು. ಹೊಸಪೇಟಿಗೆ ತೋರ್ಸಾಕ ಹೊಂಟೀವಿ."

ಮುದುಕಿ ಲೊಚಗುಟ್ಟಿ, ತನ್ನ ಕಂಬಳಿಯ ಒಂದು ತುದಿಯನ್ನು ಡಬ್ಬಿಯ ಮೇಲೆ ಹೊದಿಸಿದಳು. ಆ ಮಳೆಗಾಲದಲ್ಲಿ ಆ ಯಂತ್ರದ ಮೇಲೆ ಕನಿಕರ ತೋರಿಸಿದ ಮೂರನೆಯವರು ಅವಳೊಬ್ಬಳೇ.

ಖಾದರ್ ಸಾಬರು "ಏನ್ ಮೇಡಂ, ಪೂರಾ ಆಫೀಸೇ ತಂದೀರಲ್ರಿ" ಎಂದು ಗೊಣಗುತ್ತ ಮೇಜಿನ ಮೇಲಿನ ಕಾಗದದ ರಾಶಿ ಸರಿಸಿ ಜಾಗ ಮಾಡಿಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಇಳಿದು, ಕಂಪ್ಯೂಟರ್ ಬಾಯಿ ಬಿಟ್ಟಿತು. ಹುಲಿಗೆಮ್ಮ ಕುತ್ತಿಗೆ ಓರೆ ಮಾಡಿ ಕೇಳಿದಳು.

"ಇದು ಯಾವೂರ ಕನ್ನಡಕ್ಕಾ? ನೆಗಡಿ ಬಂದಾವ್ರಂಗ ಮಾತಾಡ್ತೈತಿ."

ಎಲ್ಲ ಪ್ಯಾಕೇಜುಗಳನ್ನೂ ಒಂದು ಫೋಲ್ಡರಿಗೆ ಹಾಕಿದೆ. ಅದಕ್ಕೊಂದು ಹೆಸರು ಕೊಡು ಎಂದು ಅವಳ ಬೆರಳನ್ನು ಕೀಲಿಮಣೆಯ ಮೇಲೆ ಇಟ್ಟೆ. ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು, ಯಂತ್ರ ಒಂದೊಂದನ್ನೂ ಓದಿ ಹೇಳಿತು. ಬುತ್ತಿ. ಅವಳು ತನ್ನ ಕೈಯಿಂದ ಬರೆದು, ತನ್ನ ಕಿವಿಯಿಂದ ಓದಿಕೊಂಡ ಮೊದಲ ಮಾತು ಅದು. ಖಾದರ್ ಸಾಬರ ಅಂಗಡಿಯಲ್ಲಿ, ಜನ ಆಧಾರ್ ಕಾರ್ಡು ಹಿಡಿದು ಸಾಲಿನಲ್ಲಿ ನಿಂತಿದ್ದಾಗ, ನನಗೆ ಅಳು ಬಂತು.

ಆ ಫೋಲ್ಡರನ್ನು ಪೆನ್ ಡ್ರೈವಿಗೂ ತುಂಬಿ ಅವಳಿಗೇ ಕೊಟ್ಟೆ. ಅವಳು ಅದನ್ನು ಅವ್ವನ ಹಳೆಯ ಎಲೆ ಅಡಿಕೆ ಸಂಚಿಯಲ್ಲಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮುಂದಿನ ದಿನಗಳು ನನ್ನ ನೌಕರಿಯಲ್ಲೇ ಒಳ್ಳೆಯ ದಿನಗಳು. ನಾಲ್ಕೂ ಕಂಪ್ಯೂಟರುಗಳಿಗೆ ಬುತ್ತಿ ಬಡಿಸಿದೆ, ಒಂದೂ ತಕರಾರು ಮಾಡಲಿಲ್ಲ. ಹುಲಿಗೆಮ್ಮ ಬಾಗಿಲು ತೆಗೆಯುವ ಹೊತ್ತಿಗೆ ಬಂದು, ಮುಚ್ಚುವ ಹೊತ್ತಿಗೆ ಏಳುತ್ತಿದ್ದಳು. ಹೊರಗೆ ಗುಡ್ಡದ ಮೇಲೆ ಮೋಡ ಕೂತಿರುತ್ತಿತ್ತು, ಒಳಗೆ ಯಂತ್ರ ನೆಗಡಿಯ ಧ್ವನಿಯಲ್ಲಿ ಓದುತ್ತಿರುತ್ತಿತ್ತು. "ನನ್ನ ತಂಗಿಗೆ ಬ್ಯಾಸರಾದ್ರ ಪುಟ ಹಾರಿಸ್ತಿದ್ಲು ಅಕ್ಕಾ, ನಂಗ ಗೊತ್ತಾಕ್ಕಿತ್ತು, ಸುಮ್ಮನಿರ್ತಿದ್ದೆ. ಇದು ಹಾರ್ಸಂಗಿಲ್ಲ ನೋಡ್ರಿ" ಎನ್ನುತ್ತಿದ್ದಳು. ನಾನು ಪಕ್ಕದ ಕೋಣೆಯಿಂದ ಫೋನ್ ಮಾಡಿ, ಧೂಳಿನ ಬಗ್ಗೆ, ಲಾರಿಯ ಬಗ್ಗೆ ಜಗಳವಾಡಿದಂತೆ ದೂರು ಹೇಳುತ್ತಿದ್ದೆ. ಅವಳು ಕೇಳಿ ಟೈಪು ಮಾಡುತ್ತಿದ್ದಳು. ನನಗಿಂತ ತಪ್ಪಿಲ್ಲದ ಕನ್ನಡ.

ಆಗ ಬಂತು ಮೇಲಿನ ಕಚೇರಿಯಿಂದ ನೋಟಿಸ್. ಯಾರು ಚಾಡಿ ಹೇಳಿದರೋ. ಸರ್ಕಾರಿ ಆಸ್ತಿಯನ್ನು ಅನುಮತಿಯಿಲ್ಲದೆ ಹೊರಗೆ ಸಾಗಿಸಿದ್ದು, ಅನಧಿಕೃತ ತಂತ್ರಾಂಶ ಅಳವಡಿಸಿದ್ದು. ಅದನ್ನು ಓದಿ ನಾನು ಹರಿದು ಹಾಕಲಿಲ್ಲ, ಅದೇ ದೊಡ್ಡದು. ಕೇಬಲ್ ಚರಂಡಿಯಲ್ಲಿ ಕೊಳೆಯುತ್ತಿದ್ದಾಗ ಒಂದು ಸಾಲು ಬರೆಯದ ಕೈ ಇಷ್ಟುದ್ದ ಬರೆದಿತ್ತು!

ಬೆನ್ನಿಗೇ ಮಂಜುನಾಥ ಬಂದ. ನೆಟ್ ಇಲ್ಲದಾಗ ಬರಲು ಆಗದವನು ನೋಟಿಸ್ ಬಂದ ಮೇಲೆ ಮಳೆಯಲ್ಲೇ ಬೈಕ್ ಓಡಿಸಿಕೊಂಡು ಬಂದ. ಸಾಕ್ಷಿಗೆ ಬೇಕು ಎಂದು ಬುತ್ತಿ ಎಂಬ ಫೋಲ್ಡರನ್ನು ತನ್ನ ಪೆನ್ ಡ್ರೈವಿಗೆ ತುಂಬಿಕೊಂಡ. ಆಮೇಲೆ ನಾಲ್ಕೂ ಕಂಪ್ಯೂಟರುಗಳನ್ನು ಪೂರ್ತಿ ಅಳಿಸಿ, ಬಂದಾಗ ಹೇಗಿದ್ದವೋ ಹಾಗೆ ಮಾಡಿದ. ಹುಲಿಗೆಮ್ಮ ಓದುತ್ತಿದ್ದ ಕಂಪ್ಯೂಟರನ್ನು ಅವಳ ಎದುರೇ ಆರಿಸಿದ. ಒಂದು ಸಾಲಿನ ನಡುವೆ ಧ್ವನಿ ನಿಂತುಹೋಯಿತು.

"ಮ್ಯಾಲಿಂದ ಆರ್ಡರ್ ಐತ್ರಿ ಮೇಡಂ. ನಾ ಏನ್ ಮಾಡ್ಲಿ?"

"ಪರೀಕ್ಷೆಗೆ ನಾಲ್ಕು ದಿನ ಐತಲೇ! ಅದು ಮುಗಿಯೋ ತನಕ ತಡಿಯಾಕ ಆಗಂಗಿಲ್ಲೇನ?" ನಾನು ಕೂಗಿದ್ದು ಓಣಿಗೆಲ್ಲ ಕೇಳಿತಂತೆ.

ಅವನು ನನ್ನ ಮುಖ ನೋಡಲಿಲ್ಲ, ಬ್ಯಾಗು ಹಾಕಿಕೊಂಡು ಹೋದ. ಅವನ ಬೈಕಿನ ಸದ್ದು ತಿರುವಿನಾಚೆ ಹೋಗುವವರೆಗೆ ಹುಲಿಗೆಮ್ಮ ಕೂತಲ್ಲೇ ಕೂತಿದ್ದಳು. ಆಮೇಲೆ ಸೊಂಟದಿಂದ ಸಂಚಿ ತೆಗೆದಳು. ಎಲೆ ಅಡಿಕೆಯ ವಾಸನೆಯ ಪೆನ್ ಡ್ರೈವನ್ನು ನನ್ನ ಕಡೆ ಚಾಚಿ, "ಹಾಕ್ರಿ" ಎಂದಳು.

ಹಾಕಿದೆ. ನೆಟ್ ಇಲ್ಲ, ಹೊಸಪೇಟೆ ಇಲ್ಲ, ಬಸ್ಸಿಲ್ಲ. ಚಹಾ ಆರುವುದರೊಳಗೆ ಕಂಪ್ಯೂಟರ್ ಮತ್ತೆ ಮಾತಾಡಿತು. ಈ ಸಲ ಬೇಕೆಂದೇ ಧ್ವನಿಯನ್ನು ಜೋರು ಮಾಡಿದೆ. ಬೇಕಾದರೆ ಇನ್ನೊಂದು ನೋಟಿಸ್ ಕೊಡಲಿ.

ಪರೀಕ್ಷೆಯ ದಿನ ಇಬ್ಬರೂ ಸಂಡೂರಿಗೆ ಹೋದೆವು. ಹೊಸ ಸೀರೆ ಉಟ್ಟಿದ್ದಳು, ಸಂಚಿ ಸೊಂಟದಲ್ಲಿತ್ತು. ಕಚೇರಿಯ ಮ್ಯಾನೇಜರು ನಗುನಗುತ್ತ ಒಳಗೆ ಕರೆದು ಕೂರಿಸಿದರು. ಫೋನಿನಲ್ಲಿ ಹೇಳಿದ್ದರಲ್ಲ, ಏನು ವ್ಯವಸ್ಥೆ ಮಾಡಿದ್ದೀರಿ ಎಂದು ಕೇಳಿದೆ. ಏನೂ ಮಾಡಿರಲಿಲ್ಲ. ಪರವಾಗಿಲ್ಲ, ನಾವೇ ತಂದಿದ್ದೇವೆ, ನಿಮ್ಮದೂ ಅದೇ ಲಿನಕ್ಸು, ಸ್ವಲ್ಪ ಹೊತ್ತಿನ ಕೆಲಸ ಎಂದೆ. ಹುಲಿಗೆಮ್ಮ ಪೆನ್ ಡ್ರೈವ್ ತೆಗೆದು ಮೇಜಿನ ಮೇಲಿಟ್ಟಳು.

"ಹೊರಗಿನ ಪೆನ್ ಡ್ರೈವ್ ಹಾಕಂಗಿಲ್ರಿ. ಸೆಕ್ಯೂರಿಟಿ" ಎಂದರು.

"ಹಂಗಾರ ನಿಮ್ಮ ನೆಟ್ಟಿನಿಂದ ನೀವ ಇಳಿಸ್ರಿ ಸರ್" ಎಂದಳು ಹುಲಿಗೆಮ್ಮ.

"ಆ ಸಿಸ್ಟಮಿಗೆ ನೆಟ್ ಕೊಟ್ಟಿಲ್ಲಮ್ಮ. ಅದೂ ಸೆಕ್ಯೂರಿಟಿನ."

"ಹಂಗಾರ ನಾ ಹೆಂಗ ಬರಿಬೇಕ್ರಿ?"

ಮ್ಯಾನೇಜರು ನನ್ನ ಕಡೆ ತಿರುಗಿ, ದನಿ ತಗ್ಗಿಸಿ, ಅವಳಿಗೆ ಕಿವಿಯೂ ಇಲ್ಲವೇನೋ ಎಂಬಂತೆ, "ಪಾಪ, ಈಕಿಗೆ ಯಾವುದರ ಪೆನ್ಷನ್ ಮಾಡಿಸಿಕೊಡೋಣ ಬಿಡ್ರಿ ಮೇಡಂ" ಎಂದರು.

ನಾನು ಆ ಕಚೇರಿಯಲ್ಲಿ ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಹೆಣ್ಣುಮಗಳು ಹಿಂಗ ಮಾತಾಡಬಾರದು ಎಂದು ಯಾರೋ ಅಂದರು, ಅವರಿಗೂ ಎರಡು ಬೈಗುಳ ಬಿದ್ದವು. ನನ್ನನ್ನು ಹೊರಗೆ ಎಳೆದು ತಂದವಳು ಹುಲಿಗೆಮ್ಮ. "ಸಾಕು ಬರ್ರಿ ಅಕ್ಕಾ, ಬಸ್ಸು ಹೋಗಿಬಿಡ್ತೈತಿ" ಎಂದಳು. ಮೇಜಿನ ಮೇಲಿನ ಪೆನ್ ಡ್ರೈವನ್ನು ಕೈಯಾಡಿಸಿ ಹುಡುಕಿ, ಸಂಚಿಗೆ ಹಾಕಿಕೊಂಡೇ ಎದ್ದಿದ್ದಳು. ದಾರಿಯುದ್ದ ಮಳೆ. ಅವಳು ಅಳಲಿಲ್ಲ. ಊರು ಬಂದಾಗ ಇಳಿದು, ತಂಗಿಯ ಹೆಗಲು ಹಿಡಿದು ಮನೆಗೆ ಹೋದಳು. ಮರುದಿನದಿಂದ ಗ್ರಂಥಾಲಯಕ್ಕೆ ಬರಲಿಲ್ಲ.

ದೀಪಾವಳಿಯೊಳಗೆ ನನ್ನನ್ನು ಕಂಪ್ಲಿ ಹತ್ತಿರದ ಹಳ್ಳಿಗೆ ಎತ್ತಿ ಹಾಕಿದರು. ಕಂಪ್ಲಿ ನನ್ನ ತವರು. ಶಿಕ್ಷೆ ಕೊಡುವುದಕ್ಕೂ ನೆಟ್ಟಗೆ ಬರಲಿಲ್ಲ ಅವರಿಗೆ.

ಈಗ, ಇಷ್ಟು ವರ್ಷದ ಮೇಲೆ, ಅದೇ ಬಾಗಿಲಲ್ಲಿ ನಿಂತು ಅದೇ ನೆಗಡಿಯ ಧ್ವನಿ ಕೇಳಿದೆ. ಒಳಗೆ ಕಣ್ಣು ಮಂಜಾದ ಹಿರಿಯರೊಬ್ಬರು ಕೂತು ಸುದ್ದಿ ಕೇಳಿಸಿಕೊಳ್ಳುತ್ತಿದ್ದರು. ಹೊಸ ಮೇಲ್ವಿಚಾರಕ ನನ್ನನ್ನು ಗುರುತಿಸಲಿಲ್ಲ, ಆದರೂ ಎದ್ದು ಕುರ್ಚಿ ಕೊಟ್ಟ.

"ಕುಂದ್ರಿ ಮೇಡಂ. ಭಾಳ ಮಸ್ತ್ ಐತ್ರಿ ಇದು. ನಿರ್ವಹಣೆ ಕಂಪನಿಯವ್ರ ಮಾಡ್ಯಾರ. ತಾಲೂಕಿನ ಎಲ್ಲ ಗ್ರಂಥಾಲಯಕ್ಕೂ ಹಾಕ್ಯಾರ್ರಿ. ಅದಕ್ಕ ಅವರಿಗೆ ಸನ್ಮಾನನೂ ಆತು."

ಪಕ್ಕದ ಕಂಪ್ಯೂಟರಿನ ಮೌಸ್ ಹಿಡಿದು ಹುಡುಕಿದೆ. ಬಹಳ ಹುಡುಕಬೇಕಾಗಲಿಲ್ಲ. ಫೋಲ್ಡರಿನ ಹೆಸರು, ಬುತ್ತಿ.

"ಇದ್ಯಾಕ ಈ ಹೆಸರು?" ಎಂದೆ.

"ಗೊತ್ತಿಲ್ರಿ. ಮ್ಯಾಲಿಂದ ಹಂಗ ಬಂದೈತಿ."

ಸಾಕ್ಷಿಗೆಂದು ಒಯ್ದದ್ದು. ನನ್ನ ಅಪರಾಧಕ್ಕೆ ಸಾಕ್ಷಿ! ಅದನ್ನೇ ಊರೂರಿಗೆ ಬಡಿಸಿ ಶಾಲು ಹೊದ್ದುಕೊಂಡಿದ್ದಾರೆ. ಹೆಸರು ಬದಲಿಸುವಷ್ಟು ನಾಚಿಕೆಯೂ ಇಲ್ಲ. ಆ ಹಿರಿಯರು ಕೂತಿರದಿದ್ದರೆ ಕುರ್ಚಿ ಒದೆಯುತ್ತಿದ್ದೆನೇನೋ. ಅವರು ಕಿವಿ ಒಡ್ಡಿ, ಬಾಯಿ ಸ್ವಲ್ಪ ತೆರೆದು, ಒಂದಕ್ಷರ ಬಿಡದೆ ಕೇಳುತ್ತಿದ್ದರು. ಅವರ ಮೇಲೆ ಏನು ಸಿಟ್ಟು ಮಾಡಲಿ?

ಬಸ್ಸು ತಪ್ಪಿದರೆ ತಪ್ಪಲಿ ಎಂದು ನೆಟ್ಟಗೆ ಹುಲಿಗೆಮ್ಮನ ಮನೆಗೆ ಹೋದೆ. ಜಗಲಿಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಕೂಲಿಗೆ ಸುಲಿಯುವ ರಾಶಿ. ನಾನು ಬಾಯಿ ತೆರೆಯುವ ಮೊದಲೇ ತಲೆಯೆತ್ತಿದಳು. "ಅಕ್ಕನ ಚಪ್ಪಲಿ ಸಪ್ಪಳ" ಎಂದು ನಕ್ಕು, ಪಕ್ಕದಲ್ಲಿ ಚಾಪೆ ತಡವಿ ಹಾಸಿದಳು.

ಉಸಿರು ಹತ್ತಿಸಿಕೊಂಡು ಎಲ್ಲ ಹೇಳಿದೆ. ಫೋಲ್ಡರು, ಹೆಸರು, ತಾಲೂಕು, ಸನ್ಮಾನ. ಅವಳು ಸುಲಿಯುವುದನ್ನು ನಿಲ್ಲಿಸದೆ ಕೇಳಿದಳು. ಸೊಂಟದಲ್ಲಿ ಅದೇ ಸಂಚಿ ಇತ್ತು.

"ಎಲ್ಲಾ ಊರಿಗೂ ಮುಟ್ಟೈತೇನ್ರಿ?"

"ಮುಟ್ಟೈತಿ."

"ಉಪ್ಪು ಸುದ್ದಾ?"

"ಎಲ್ಲಾ. ಒಂದೂ ಬಿಟ್ಟಿಲ್ಲ."

ಕೈಯಲ್ಲಿದ್ದ ಕಾಯಿಯನ್ನು ಚಟ್ಟನೆ ಒಡೆದು, ಕಾಳನ್ನು ಮೊರಕ್ಕೆ ಹಾಕಿದಳು.

"ಚಲೋ ಆತು. ಊರಿಗೆಲ್ಲಾ ಬುತ್ತಿ ಮುಟ್ಟೈತಿ, ಕಟ್ಟಿದಾಕಿದು ಇನ್ನೂ ಊಟ ಆಗಿಲ್ಲ ಅಂತ ಅವರಿಗೆ ಹೇಳ್ರಿ ಅಕ್ಕಾ."